ನೆಲಕ್ಕೊರಗಿದ ಕಾಡಿನ ತೂಕವೆಷ್ಟು?

ನಿಂತ ಮರವೊಂದರ ತೂಕ ಎಷ್ಟು? ಕಡಿಯದೆ, ತಕ್ಕಡಿಗೆ ಹಾಕದೆ ಹೇಳಬೇಕು. ನಮ್ಮ ಹಳ್ಳಿಗಳ ಸೌದೆ ವ್ಯಾಪಾರಿಗಳು ಈ ಪ್ರಶ್ನೆಗೆ ಹೆದರುವವರಲ್ಲ. ಮರದ ಬುಡವನ್ನು ಒಮ್ಮೆ ತಬ್ಬಿ ನೋಡಿ, ತಲೆಯೆತ್ತಿ ಕೊಂಬೆಗಳತ್ತ ಕಣ್ಣು ಹಾಯಿಸಿ, ‘ಮೂರು ಗಾಡಿ ಆದೀತು’ ಎಂದುಬಿಡುತ್ತಾರೆ. ಅರಣ್ಯ ವಿಜ್ಞಾನಿಗಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ತಬ್ಬುವ ಬದಲು ಟೇಪು ಸುತ್ತುತ್ತಾರೆ, ಗಾಡಿಯ ಬದಲು ಕಿಲೋಗ್ರಾಂ ಎನ್ನುತ್ತಾರೆ, ಅಷ್ಟೆ. ಟೇಪು ಸುತ್ತಬೇಕಾದದ್ದು ಎದೆಯ ಎತ್ತರದಲ್ಲಿ. ಯೂರೋಪಿನಲ್ಲಿ ಅದು ನೆಲದಿಂದ 1.3 ಮೀಟರ್, ನಮ್ಮ ಅರಣ್ಯ ಇಲಾಖೆಗಳಲ್ಲಿ ಹಳೆಯ ನಾಲ್ಕೂವರೆ ಅಡಿಯ ಲೆಕ್ಕ ಉಳಿದುಕೊಂಡಿರುವುದರಿಂದ 1.37 ಮೀಟರ್.

ಆದರೆ ಎದೆಯ ಎತ್ತರಕ್ಕೆ ಬೆಳೆಯದ ಕಾಡೊಂದಿದ್ದರೆ ಟೇಪು ಹಿಡಿದವನು ಏನು ಮಾಡಬೇಕು?

ಇಂಥ ಕಾಡು ಇದೆ. ಪೋಲೆಂಡ್ ಮತ್ತು ಸ್ಲೊವಾಕಿಯಾ ದೇಶಗಳ ಗಡಿಯಲ್ಲಿ ತಾತ್ರಾ ಎಂಬ ಪರ್ವತಗಳಿವೆ. ಅವುಗಳ ಅತ್ಯುನ್ನತ ಶಿಖರ ಗೆರ್ಲಾಖ್, ಸುಮಾರು 2,655 ಮೀಟರ್. ಕಣಿವೆಯಿಂದ ಹತ್ತಲು ಹೊರಟರೆ ಮೊದಲು ಸ್ಪ್ರೂಸ್ ಮರಗಳ ದಟ್ಟ ಕಾಡು. ಸುಮಾರು 1,500 ಮೀಟರ್ ದಾಟುತ್ತಿದ್ದಂತೆ ಆ ಕಾಡು ಮುಗಿದು, ಕಡು ಹಸಿರಿನ ದಪ್ಪ ಕಂಬಳಿಯನ್ನು ಬೆಟ್ಟದ ಮೇಲೆ ಹೊದಿಸಿದಂತೆ ಕಾಣುವ ಪೊದೆಗಳು ಎದುರಾಗುತ್ತವೆ. ಸುಮಾರು 1,800 ಮೀಟರಿನವರೆಗೂ ಅವುಗಳದೇ ರಾಜ್ಯ. ಅದರಾಚೆ ಹುಲ್ಲು, ಬಂಡೆ, ಹಿಮ. ಈ ಪೊದೆಯೇ ಕುಳ್ಳ ಪೈನ್. ಸಸ್ಯಶಾಸ್ತ್ರದ ಹೆಸರು ಪೈನಸ್ ಮ್ಯೂಗೊ. ಸ್ಲೊವಾಕಿಯಾದವರು ಕೊಸೊದ್ರೆವಿನಾ ಎಂದೂ ಜರ್ಮನ್ ಮಾತಾಡುವವರು ಲಾಟ್ಶೆ ಎಂದೂ ಕರೆಯುತ್ತಾರೆ. ಆಲ್ಪ್ಸ್, ಬಾಲ್ಕನ್ ಪರ್ವತಗಳು, ಇಟಲಿಯ ಮಜೆಲ್ಲಾ ಬೆಟ್ಟ, ಜೆಕ್ ದೇಶದ ಕರ್ಕೊನೋಶೆ – ಮಧ್ಯ ಹಾಗೂ ದಕ್ಷಿಣ ಯೂರೋಪಿನ ಎತ್ತರದ ತಾಣಗಳಲ್ಲೆಲ್ಲ ಇದರ ನೆಂಟರಿದ್ದಾರೆ.

ಚಳಿಗಾಳಿಗೆ ಸಿಕ್ಕಿ ಕುಳ್ಳಾದ ಬಡಪಾಯಿ ಮರ ಇದು ಎಂದು ಭಾವಿಸಬೇಡಿ. ಇದರ ಕುಳ್ಳುತನ ಹುಟ್ಟುಗುಣ. ತಂದು ಬೆಚ್ಚಗಿನ ಉದ್ಯಾನದಲ್ಲಿ ನೆಟ್ಟರೂ ಪೊದೆಯಾಗಿಯೇ ಬೆಳೆಯುತ್ತದೆ. ಬುಡದಿಂದಲೇ ಹಲವು ಕೊಂಬೆಗಳು ಹೊರಟು, ನೆಲದ ಮೇಲೆ ಹಾವಿನಂತೆ ಮೀಟರುಗಟ್ಟಲೆ ತೆವಳಿ, ತುದಿಯಲ್ಲಿ ಮಾತ್ರ ತಲೆಯೆತ್ತುತ್ತವೆ. ಎತ್ತರ ಒಂದರಿಂದ ಮೂರು ಮೀಟರ್. ಬೆಟ್ಟ ಏರಿದಷ್ಟೂ ಇನ್ನೂ ಗಿಡ್ಡ. ಚಳಿಗಾಲದಲ್ಲಿ ಹಿಮದ ಭಾರಕ್ಕೆ ಮುರಿಯದೆ ಬಾಗಿ ಮಲಗುತ್ತದೆ, ಬೇಸಿಗೆಯಲ್ಲಿ ಎದ್ದು ಕೂರುತ್ತದೆ. ಕಡಿದಾದ ಇಳುಕಲಿನ ಮಣ್ಣನ್ನೂ ಹಿಮವನ್ನೂ ಜಾರದಂತೆ ಹಿಡಿದಿಡುವ ಕೆಲಸ ಇದರದು.

ಎತ್ತರದ ಮರ ನಿಲ್ಲಲಾರದ ಜಾಗದಲ್ಲಿ ಇದು ನಿಲ್ಲುವುದಕ್ಕೂ ಈ ಗಿಡ್ಡತನವೇ ಕಾರಣ. ಬಾಸೆಲ್ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಕೋರ್ನರ್ ಜಗತ್ತಿನ ನಾನಾ ಪರ್ವತಗಳಲ್ಲಿ ಮಣ್ಣಿನ ಉಷ್ಣತೆ ಅಳೆದು, ಬೆಳವಣಿಗೆಯ ಋತುವಿನ ಸರಾಸರಿ ಉಷ್ಣತೆ ಆರೂವರೆ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುವಲ್ಲಿ ಮರಗಳ ಮೇರೆ ಮುಗಿಯುತ್ತದೆ ಎಂದು ತೋರಿಸಿದ್ದಾರೆ. ನೆಟ್ಟಗೆ ನಿಂತ ಮರ ಗಾಳಿಯಷ್ಟೇ ತಣ್ಣಗಿರುತ್ತದೆ. ನೆಲಕ್ಕಂಟಿದ ಪೊದೆಯ ಒಳಗೆ ಬಿಸಿಲಿನ ಕಾವು ಸಿಕ್ಕಿಕೊಂಡು ಒಂದಿಷ್ಟು ಬೆಚ್ಚಗಿರುತ್ತದೆ.

ಖಾತೆಗೆ ಸೇರದ ಕಾಡು

ಈ ಪೊದೆಯ ತೂಕ ಕಟ್ಟಿಕೊಂಡು ಯಾರಿಗೇನಾಗಬೇಕು ಎಂದು ಕೇಳಬಹುದು. ಬಯೋಮಾಸ್ ಎಂದು ವಿಜ್ಞಾನಿಗಳು ಕರೆಯುವ ಜೈವಿಕ ರಾಶಿ ಎಂದರೆ ಒಂದು ಜಾಗದಲ್ಲಿರುವ ಜೀವಿಗಳ, ನೀರು ಕಳೆದ ಒಣ ತೂಕ. ಗಿಡಮರಗಳ ಒಣ ತೂಕದಲ್ಲಿ ಸುಮಾರು ಅರ್ಧ ಭಾಗ ಇಂಗಾಲ. ಅದು ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ ಬಂದದ್ದು. ಆ ಅನಿಲದ ಅಣುಭಾರ 44, ಅದರಲ್ಲಿ ಇಂಗಾಲದ ಪಾಲು 12. ಹಾಗಾಗಿ ಒಂದು ಟನ್ ಒಣ ಪೊದೆ ಎಂದರೆ ಅರ್ಧ ಟನ್ ಇಂಗಾಲ, ಅಂದರೆ 1.8 ಟನ್ನಿಗೂ ಮಿಕ್ಕಿ ಗಾಳಿಯಿಂದ ಹೊರತೆಗೆದ ಕಾರ್ಬನ್ ಡೈಆಕ್ಸೈಡ್. 1992ರ ಹವಾಮಾನ ಒಪ್ಪಂದದ ನಂತರ ದೇಶಗಳು ತಮ್ಮ ಇಂಗಾಲದ ಜಮಾ-ಖರ್ಚನ್ನು ಬರೆದಿಡಬೇಕಾಗಿ ಬಂದಿದೆ.

ಆದರೆ ಜಮಾಪುಸ್ತಕದಲ್ಲಿ ಕಾಡು ಎಂದರೆ ಏನು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ವ್ಯಾಖ್ಯೆಯ ಪ್ರಕಾರ ಅರ್ಧ ಹೆಕ್ಟೇರಿಗಿಂತ ಹೆಚ್ಚು ಜಾಗ, ನೂರಕ್ಕೆ ಹತ್ತಕ್ಕಿಂತ ಹೆಚ್ಚು ನೆರಳು, ಐದು ಮೀಟರಿಗಿಂತ ಎತ್ತರದ ಅಥವಾ ಆ ಎತ್ತರ ಮುಟ್ಟಬಲ್ಲ ಮರಗಳು. ನಮ್ಮ ಕುಳ್ಳ ಪೈನ್ ಮೊದಲ ಎರಡು ಪರೀಕ್ಷೆಗಳಲ್ಲಿ ಸಲೀಸಾಗಿ ತೇರ್ಗಡೆಯಾಗಿ ಮೂರನೆಯದರಲ್ಲಿ ನಪಾಸು. ಕಾಲಿಡಲು ಜಾಗವಿಲ್ಲದಷ್ಟು ದಟ್ಟವಾಗಿ ಬೆಟ್ಟವನ್ನೇ ಮುಚ್ಚಿದ್ದರೂ ಅದು ‘ಇತರ ಮರಭೂಮಿ’ಯ ಸಾಲಿಗೆ ಹೋಗುತ್ತದೆ. ಸ್ವಿಟ್ಜರ್ಲೆಂಡಿನ ಅರಣ್ಯ ಗಣತಿಯಲ್ಲಿ ಇಂಥವುಗಳಿಗೆಂದೇ ‘ಪೊದೆಗಾಡು’ ಎಂಬ ಬೇರೆ ಖಾತೆ ಇದೆ. ಇದು ಜಾಣತನ ಎಂದು ನನಗನ್ನಿಸುತ್ತದೆ. ಎತ್ತರದ ಗೆರೆಯೊಂದನ್ನು ಎಳೆದ ಮಾತ್ರಕ್ಕೆ ಅದರ ಕೆಳಗಿರುವ ಇಂಗಾಲ ಮಾಯವಾಗುವುದಿಲ್ಲವಲ್ಲ!

ಇನ್ನೊಂದು ಕಾರಣವೂ ಇದೆ. ಶತಮಾನಗಳ ಕಾಲ ಕುರಿಗಾಹಿಗಳು ಹುಲ್ಲುಗಾವಲಿಗಾಗಿ ಈ ಪೊದೆಯನ್ನು ಕಡಿದರು, ಸುಟ್ಟರು. ಬೆಟ್ಟದ ಮೇಲಿನ ಗುಡಿಸಲುಗಳಲ್ಲಿ ಇದೇ ಸೌದೆ. ಎಳೆಯ ಟೊಂಗೆಗಳನ್ನು ಬಟ್ಟಿ ಇಳಿಸಿ ಕೆಮ್ಮು-ನೆಗಡಿಗೆ ಎಣ್ಣೆ ತೆಗೆದರು. 1949ರಲ್ಲಿ ಸ್ಲೊವಾಕಿಯಾದ ಕಡೆಯ ತಾತ್ರಾ ರಾಷ್ಟ್ರೀಯ ಉದ್ಯಾನವಾಯಿತು, ಮೇಯಿಸುವುದು ಕ್ರಮೇಣ ನಿಂತಿತು. ಪೊದೆ ತನ್ನ ಹಳೆಯ ಜಾಗವನ್ನು ಮರಳಿ ಹಿಡಿಯತೊಡಗಿತು. ಹಳೆಯ ಮತ್ತು ಹೊಸ ವೈಮಾನಿಕ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಹಸಿರು ಕಂಬಳಿ ಅಗಲವಾಗಿರುವುದು ಕಣ್ಣಿಗೇ ಕಾಣುತ್ತದೆ. ಮಜೆಲ್ಲಾದಲ್ಲೂ ಇದೇ ಕತೆ. ಇದರಲ್ಲಿ ಕುರಿ ಹೋದದ್ದರ ಪಾಲೆಷ್ಟು, ಭೂಮಿ ಬಿಸಿಯಾದದ್ದರ ಪಾಲೆಷ್ಟು ಎಂಬ ಚರ್ಚೆ ಅಂಗಳದ ಅಗಲ ಅಳೆದ ಮಾತ್ರಕ್ಕೆ ತೀರುವುದಿಲ್ಲ. ಪೊದೆ ಹರಡುತ್ತಿದೆಯೇ ಅಥವಾ ದಪ್ಪವಾಗುತ್ತಿದೆಯೇ, ಇಲ್ಲವೇ ಎರಡೂ ಆಗುತ್ತಿದೆಯೇ ಎಂದು ತಿಳಿಯಲು ತೂಕವೇ ಬೇಕು.

ಕಡಿದು, ಒಣಗಿಸಿ, ತೂಗಿ

ತೂಕ ತಿಳಿಯಲು ನಂಬಿಕಸ್ಥ ದಾರಿ ಒಂದೇ: ಕಡಿಯುವುದು. ಹತ್ತು ಮೀಟರ್ ಉದ್ದಗಲದ ತುಂಡೊಂದನ್ನು ಗುರುತು ಮಾಡಿ ಅದರೊಳಗಿನ ಕೊಂಬೆಗಳನ್ನೆಲ್ಲ ಅಳೆಯುತ್ತಾರೆ. ಅವುಗಳಲ್ಲಿ ಸಣ್ಣದು, ನಡುವಿನದು, ದೊಡ್ಡದು ಎಂದು ಕೆಲವನ್ನಷ್ಟೇ ಆರಿಸಿ ಕಡಿಯುತ್ತಾರೆ. ಇಲ್ಲಿಯೇ ಮೊದಲ ತೊಡಕು. ಮೂವತ್ತೈದು ಡಿಗ್ರಿ ಇಳುಕಲಿನ ಮೇಲೆ ಹತ್ತು ಮೀಟರ್ ಚೌಕ ಹಾಕಿದರೆ ನಕ್ಷೆಯಲ್ಲಿ ಅದು ನೂರು ಚದರ ಮೀಟರ್ ಅಲ್ಲ. ಕೋನದ ಕೊಸೈನ್‌ನಿಂದ ಗುಣಿಸಬೇಕು, ಬರುವುದು 82. ಇದನ್ನು ಮರೆತರೆ ಹೆಕ್ಟೇರಿನ ಲೆಕ್ಕದಲ್ಲಿ ಐದನೆಯ ಒಂದು ಭಾಗದಷ್ಟು ಎಡವಟ್ಟು.

ಎರಡನೆಯ ತೊಡಕು ಗಿಡ ಎಂಬುದರ ಲೆಕ್ಕದ್ದು. ನೆಲಕ್ಕೊರಗಿದ ಕೊಂಬೆ ಉದುರೆಲೆಯಲ್ಲಿ ಹೂತು, ಅಲ್ಲೇ ಬೇರು ಬಿಟ್ಟು, ಮುಂದೆ ಸಾಗುತ್ತದೆ. ಮಲ್ಲಿಗೆ ಬಳ್ಳಿಯನ್ನು ಮಣ್ಣಿಗೆ ಬಾಗಿಸಿ ಬೇರು ಬರಿಸುತ್ತೇವಲ್ಲ, ಅದನ್ನು ಇದು ತಾನಾಗಿಯೇ ಮಾಡಿಕೊಳ್ಳುತ್ತದೆ. ಒಂದು ಗಿಡ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳಲು ಬ್ರಹ್ಮನಿಗೂ ಸಾಧ್ಯವಿಲ್ಲ. ಆದ್ದರಿಂದ ಗಿಡ ಎಣಿಸುವುದನ್ನು ಕೈಬಿಟ್ಟು, ನೆಲದಿಂದ ಹೊರಬರುವ ಒಂದೊಂದು ಕೊಂಬೆಯನ್ನೂ ಒಂದು ಮರ ಎಂದೇ ಭಾವಿಸಿ ಅದರ ಬುಡದ ವ್ಯಾಸ ಅಳೆಯುತ್ತಾರೆ. ಮಂಡಿಯೂರಿ, ಮುಳ್ಳಿನಂಥ ಎಲೆಗಳ ನಡುವೆ ತಲೆ ತೂರಿಸಿ, ಅಂಟು ಮೆತ್ತಿದ ಕೈಯಲ್ಲಿ ಮಾಡಬೇಕಾದ ಕೆಲಸ.

ಆ ಬುಡವೂ ದುಂಡಗಿರುವುದಿಲ್ಲ. ಸೂಚೀಪರ್ಣಿ ಮರಗಳ ಕೊಂಬೆ ಬಾಗಿದಾಗ ಅದರ ಕೆಳಬದಿಯಲ್ಲಿ ಹೆಚ್ಚು ಮರ ಬೆಳೆದು ಮೇಲಕ್ಕೆತ್ತಲು ನೋಡುತ್ತದೆ. ಹೀಗಾಗಿ ವರ್ಷದ ಉಂಗುರಗಳು ಕೆಳಗೆ ಅಗಲ, ಮೇಲೆ ಕಿರಿದು. ಅಡ್ಡ ಕೊಯ್ದರೆ ಮೊಟ್ಟೆಯಾಕಾರ. ಒಂದೇ ಕಡೆಯಿಂದ ಅಳೆದರೆ ಮೋಸ. ಕ್ಯಾಲಿಪರನ್ನು ಎರಡು ದಿಕ್ಕಿನಲ್ಲಿ ಹಿಡಿದು ಸರಾಸರಿ ತೆಗೆಯಬೇಕು.

ಕಡಿದದ್ದನ್ನು ಎಲೆ, ಜೀವಂತ ಟೊಂಗೆ, ಒಣ ಟೊಂಗೆ, ಕಾಯಿ ಎಂದು ವಿಂಗಡಿಸಿ ಅಲ್ಲೇ ಹಸಿ ತೂಕ ನೋಡುತ್ತಾರೆ. ಹಸಿ ತೂಕ ನಂಬುವಂಥದ್ದಲ್ಲ. ನಿನ್ನೆ ಮಳೆ ಬಂದಿದ್ದರೆ ಒಂದು, ಇಂದು ಬಿಸಿಲಿದ್ದರೆ ಇನ್ನೊಂದು. ಎಲ್ಲವನ್ನೂ ಬೆಟ್ಟದಿಂದ ಹೊತ್ತು ತರುವುದೂ ಆಗದ ಮಾತು. ಹಾಗಾಗಿ ಪ್ರತಿ ಗುಂಪಿನಿಂದ ಒಂದು ಹಿಡಿ ಮಾದರಿ ತಂದು, ಒಲೆಯಲ್ಲಿ ಇನ್ನು ತೂಕ ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸುತ್ತಾರೆ. ಮರದ ಭಾಗಕ್ಕೆ ಸಾಮಾನ್ಯವಾಗಿ 105 ಡಿಗ್ರಿ. ಎಲೆಗೆ ಅದಕ್ಕಿಂತ ಕಡಿಮೆ. 12 ಕಿಲೋ ಹಸಿ ಕೊಂಬೆಯಿಂದ ತಂದ 500 ಗ್ರಾಂ ಮಾದರಿ ಒಣಗಿ 240 ಗ್ರಾಂ ಆಯಿತೆಂದು ಇಟ್ಟುಕೊಳ್ಳಿ. ಆಗ ಕೊಂಬೆಯ ಒಣ ತೂಕ 12ನ್ನು 0.48ರಿಂದ ಗುಣಿಸಿದರೆ ಸಿಗುವ 5.76 ಕಿಲೋ.

ಹೀಗೆ ಕೆಲವು ಡಜನ್ ಕೊಂಬೆಗಳ ವ್ಯಾಸ, ತೂಕ ಎರಡೂ ಗೊತ್ತಾದ ಮೇಲೆ ಅವುಗಳ ನಡುವಿನ ಸಂಬಂಧವನ್ನು ಒಂದು ಸೂತ್ರದಲ್ಲಿ ಹಿಡಿಯುತ್ತಾರೆ. ತೂಕ ವ್ಯಾಸದ ಯಾವುದೋ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಘಾತ ಎರಡೂವರೆ ಎಂದಾದರೆ ವ್ಯಾಸ ಇಮ್ಮಡಿಯಾದಾಗ ತೂಕ ಐದೂವರೆ ಪಟ್ಟಿಗೂ ಹೆಚ್ಚು. ವ್ಯಾಸಕ್ಕೆ ಇಷ್ಟೊಂದು ಅಧಿಕಾರ ಏಕೆ? ಲಿಯನಾರ್ಡೊ ಡಾ ವಿಂಚಿ ಇದನ್ನು ತನ್ನ ಟಿಪ್ಪಣಿಗಳಲ್ಲಿ ಗುರುತಿಸಿದ್ದ: ಕೊಂಬೆ ಕವಲೊಡೆದಾಗ ಕವಲುಗಳನ್ನೆಲ್ಲ ಒಟ್ಟು ಸೇರಿಸಿದರೆ ತಾಯಿ ಕೊಂಬೆಯಷ್ಟೇ ದಪ್ಪ. ಹತ್ತು ಸೆಂಟಿಮೀಟರ್ ಬುಡದಿಂದ ಐದು ಸೆಂಟಿಮೀಟರಿನ ನಾಲ್ಕು ಕವಲು. ಅಡ್ಡಕೊಯ್ತದ ವಿಸ್ತೀರ್ಣ ಸರಿಹೋಗುತ್ತದೆ. 1964ರಲ್ಲಿ ಜಪಾನಿನ ಶಿನೊಝಾಕಿ ಮತ್ತು ಸಂಗಡಿಗರು ಇದನ್ನು ಕೊಳವೆಗಳ ಕಟ್ಟು ಎಂಬ ಕಲ್ಪನೆಯಾಗಿ ಬೆಳೆಸಿದರು. ಪ್ರತಿ ಎಲೆಗೊಂಚಲಿಗೂ ಬೇರಿನಿಂದ ನೀರು ತರುವ ಒಂದೊಂದು ಕೊಳವೆ. ಬುಡ ಎಂದರೆ ಆ ಕೊಳವೆಗಳ ಕಟ್ಟು. ಬುಡ ಕಂಡರೆ ಮೇಲಿನ ಸಂಸಾರ ಕಂಡಂತೆ.

ಇನ್ನೊಂದು ಸೂಕ್ಷ್ಮವನ್ನು ಹೇಳದಿದ್ದರೆ ಗಣಿತದ ಮೇಷ್ಟರಿಗೆ ಸಮಾಧಾನವಾಗದು. ಘಾತದ ಸೂತ್ರವನ್ನು ನೇರ ಗೆರೆಯಾಗಿಸಲು ಲಾಗರಿದಮ್ ತೆಗೆಯುತ್ತಾರೆ. (‘ಇದರಿಂದ ಏನು ಪ್ರಯೋಜನ ಸಾರ್?’ ಎಂದು ಕೇಳುವ ಹುಡುಗರು ಇಲ್ಲಿ ಗಮನಿಸಬೇಕು.) ಲಾಗರಿದಮ್‌ಗಳ ಸರಾಸರಿ ತೆಗೆದು ಹಿಂದಕ್ಕೆ ತಿರುಗಿಸಿದರೆ ಸಿಗುವುದು ಸಾಮಾನ್ಯ ಸರಾಸರಿ ಅಲ್ಲ, ಅದಕ್ಕಿಂತ ಕಡಿಮೆ. ಒಂದೇ ವ್ಯಾಸದ ಎರಡು ಕೊಂಬೆಗಳು 10 ಮತ್ತು 40 ಕಿಲೋ ತೂಗಿದವು ಎನ್ನಿ. ಲಾಗರಿದಮ್ ದಾರಿ ಪ್ರತಿಯೊಂದಕ್ಕೂ 20 ಕಿಲೋ ಎನ್ನುತ್ತದೆ, ಒಟ್ಟು 40. ತಕ್ಕಡಿಯಲ್ಲಿ ಇರುವುದು 50! ಈ ಸೋರಿಕೆಯನ್ನು ತುಂಬುವ ತಿದ್ದುಪಡಿಯನ್ನು 1972ರಲ್ಲಿ ಬ್ಯಾಸ್ಕರ್‌ವಿಲ್ ಎಂಬ ಅರಣ್ಯ ವಿಜ್ಞಾನಿ ವಿವರಿಸಿದರು. ತಿದ್ದುಪಡಿ ಮಾಡದೆ ಇಡೀ ಪರ್ವತದ ಲೆಕ್ಕ ಹಾಕಿದರೆ ಸೋರಿಕೆಯೂ ಪರ್ವತದಷ್ಟೇ.

ಎಷ್ಟು ಕಡಿಯಬಹುದು?

ಸೂತ್ರ ಗಟ್ಟಿಯಾಗಬೇಕಾದರೆ ಹೆಚ್ಚು ಕೊಂಬೆ ಕಡಿಯಬೇಕು. ಆದರೆ ಕಡಿಯುವುದು ಎಲ್ಲಿ? ಈ ಪೊದೆ ಹಲವೆಡೆ ಇರುವುದು ರಾಷ್ಟ್ರೀಯ ಉದ್ಯಾನಗಳಲ್ಲಿ; ಟೊಂಗೆ ಮುರಿದರೂ ದಂಡ ಬೀಳುವ ಜಾಗ. ಇದರ ಉಂಗುರಗಳ ಅಗಲ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ. ತೋಳಿನ ಗಾತ್ರದ ಕೊಂಬೆಗೆ ನಮ್ಮ ಅಜ್ಜನ ವಯಸ್ಸಾಗಿರಬಹುದು. ಅರ್ಧ ಗಂಟೆಯಲ್ಲಿ ಗರಗಸ ಹಾಕಿದ ಜಾಗ ಮತ್ತೆ ತುಂಬಲು ಮನುಷ್ಯನ ಒಂದು ಜೀವಮಾನ ಬೇಕು, ಅಷ್ಟರಲ್ಲಿ ಮಣ್ಣು ಕೊಚ್ಚಿ ಹೋಗದಿದ್ದರೆ.

ಆದ್ದರಿಂದ ಒಂದು ಬೆಟ್ಟದಲ್ಲಿ ಕಡಿದು ಮಾಡಿದ ಸೂತ್ರವನ್ನು ಇನ್ನೊಂದು ಬೆಟ್ಟಕ್ಕೆ ಎರವಲು ತರುವ ಆಸೆ ಸಹಜ. ಅಪಾಯವೂ ಅಲ್ಲೇ. ಗಾಳಿಗೆ ಎದುರಾದ ಏಣಿನ ಮೇಲಿನ ಪೊದೆ ಮೊಣಕಾಲೆತ್ತರ, ಬುಡ ದಪ್ಪ. ಮರೆಯ ಕಣಿವೆಯಲ್ಲಿ ಅದೇ ದಪ್ಪದ ಬುಡದಿಂದ ಮೂರು ಮೀಟರಿನ ಕೊಂಬೆ. ವ್ಯಾಸ ಒಂದೇ, ತೂಕ ಬೇರೆ. ಸಣ್ಣ ಕೊಂಬೆಗಳಿಂದ ಮಾಡಿದ ಸೂತ್ರವನ್ನು ದೊಡ್ಡ ಕೊಂಬೆಗೆ ಹಚ್ಚುವುದು ಇನ್ನೂ ಕೆಟ್ಟದ್ದು. ಘಾತದ ಸೂತ್ರಗಳು ತಮ್ಮ ಮೇರೆ ದಾಟಿದೊಡನೆ ಗಾಳಿಪಟದಂತೆ ಎತ್ತಲೋ ಹಾರುತ್ತವೆ. ಸೈಬೀರಿಯಾ ಮತ್ತು ಜಪಾನಿನಲ್ಲಿ ಪೈನಸ್ ಪ್ಯೂಮಿಲಾ ಎಂಬ ಇನ್ನೊಂದು ಕುಳ್ಳ ಪೈನ್ ಇದೆ. ಜಪಾನಿನ ಕಿಸೊ ಪರ್ವತಸಾಲಿನಲ್ಲಿ ಅದರ ನೆಲದ ಮೇಲಿನ ತೂಕವನ್ನು ಅಳೆದು ಕಜಿಮೊತೊ 1989ರಲ್ಲಿ ಪ್ರಕಟಿಸಿದರು. ಆದರೆ ಹೆಸರಿನಲ್ಲಿ ಕುಳ್ಳ ಪೈನ್ ಇದ್ದ ಮಾತ್ರಕ್ಕೆ ಅಲ್ಲಿನ ಅಂಕಿ ತಾತ್ರಾಕ್ಕೆ ಒದಗುವುದಿಲ್ಲ. ಎರಡೂ ಬೇರೆ ಜಾತಿ. ಇದಕ್ಕೆ ಗೊಂಚಲಿಗೆ ಎರಡು ಎಲೆ, ಅದಕ್ಕೆ ಐದು.

ಕಡಿಯದೆ ಅಳೆಯುವ ಒಂದು ದಾರಿ ಪೊದೆಯನ್ನು ಹುಲ್ಲಿನ ಬಣವೆಯಂತೆ ನೋಡುವುದು. ಹರಡಿದ ಅಗಲವನ್ನು ಸರಾಸರಿ ಎತ್ತರದಿಂದ ಗುಣಿಸಿದರೆ ಘನಗಾತ್ರ; ಘನಮೀಟರಿಗೆ ಇಷ್ಟು ಕಿಲೋ ಎಂದು ಒಮ್ಮೆ ಗೊತ್ತುಮಾಡಿಕೊಂಡರೆ ಆಯಿತು. ಆದರೆ ಬಣವೆ ಒಳಗೂ ಹೊರಗೂ ಒಂದೇ, ಪೊದೆ ಹಾಗಲ್ಲ. ವಯಸ್ಸಾದ ಪೊದೆಯ ಹಸಿರೆಲ್ಲ ಚಾವಣಿಯಲ್ಲೇ. ಒಳಗೆ ತಲೆ ಹಾಕಿದರೆ ಕತ್ತಲು, ಬೋಳು ಕೊಂಬೆಗಳು, ನಡುವೆ ಖಾಲಿ ಜಾಗ. ಎಳೆಯ ಪೊದೆಯ ಘನಮೀಟರೂ ಮುದಿ ಪೊದೆಯ ಘನಮೀಟರೂ ಒಂದೇ ತೂಗುವುದಿಲ್ಲ.

ಆಕಾಶದಿಂದ ನೋಡಿದರೆ

ಈಗ ವಿಮಾನದಿಂದ ಲೇಸರ್ ಮಿಡಿತಗಳನ್ನು ಬಿಟ್ಟು, ಹೋಗಿ ಬರುವ ಹೊತ್ತಿನಿಂದ ಎತ್ತರ ಅಳೆಯುವ ಲೈಡಾರ್ ಎಂಬ ಉಪಾಯವಿದೆ. ಎತ್ತರದ ಕಾಡುಗಳಲ್ಲಿ ಅದು ಚಿನ್ನದಂಥ ಸಾಧನ. ಕುಳ್ಳ ಪೈನ್ ಎದುರು ತಡವರಿಸುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂಟಿಮೀಟರ್ ಓಡುತ್ತದೆ. ಹೋಗಿ ಬರುವ ಲೆಕ್ಕದಲ್ಲಿ 15. ಮಿಡಿತ ನಾಲ್ಕು ನ್ಯಾನೊಸೆಕೆಂಡಿನದಾದರೆ 60 ಸೆಂಟಿಮೀಟರಿಗಿಂತ ಹತ್ತಿರವಿರುವ ಎರಡು ಮೇಲ್ಮೈಗಳ ಪ್ರತಿಧ್ವನಿ ಒಂದರೊಳಗೊಂದು ಕಲಸಿಹೋಗುತ್ತದೆ. ಮೊಣಕಾಲೆತ್ತರದ ಪೊದೆಯ ನೆತ್ತಿ ಯಾವುದು, ನೆಲ ಯಾವುದು? ದಟ್ಟ ಪೊದೆಯಲ್ಲಿ ಹೆಚ್ಚಿನ ಮಿಡಿತಗಳು ನೆಲ ಮುಟ್ಟುವುದೇ ಇಲ್ಲವಾದ್ದರಿಂದ ಕೊಂಬೆಯನ್ನೇ ನೆಲವೆಂದು ತಿಳಿದು ಪೊದೆಯನ್ನು ಇನ್ನಷ್ಟು ಕುಳ್ಳಗೆ ಮಾಡುತ್ತದೆ. ಇಳುಕಲಿನ ಕಾಟ ಬೇರೆ: 35 ಡಿಗ್ರಿಯ ಮೇಲೆ ಒಂದು ಮೀಟರ್ ಅಡ್ಡ ಸರಿದರೆ ಎತ್ತರದಲ್ಲಿ 70 ಸೆಂಟಿಮೀಟರ್ ವ್ಯತ್ಯಾಸ. ಅಳೆಯಬೇಕಾದ ಪೊದೆಯೇ ಒಂದೂವರೆ ಮೀಟರ್.

ಉಪಗ್ರಹದ ರೇಡಾರಿನ ಸರದಿ ಈಗ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್, ಅಮೆರಿಕದ ನಾಸಾ ಮತ್ತು ನಮ್ಮ ಇಸ್ರೊ ಸೇರಿ ಕಟ್ಟಿದ ಉಪಗ್ರಹ. ಅದರ ಜೋಡಣೆಯಾದದ್ದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಅದರಲ್ಲಿ 24 ಸೆಂಟಿಮೀಟರ್ ಮತ್ತು ಸುಮಾರು 9 ಸೆಂಟಿಮೀಟರ್ ಅಲೆಯುದ್ದದ ಎರಡು ರೇಡಾರುಗಳಿವೆ. ಉದ್ದದ ಅಲೆ ಎಲೆಗಳನ್ನು ದಾಟಿ ಕೊಂಬೆ-ಕಾಂಡಗಳಿಗೆ ಬಡಿದು ಮರಳುತ್ತದೆ. ಮೋಡ, ಕತ್ತಲೆ ಅಡ್ಡಿಯಲ್ಲ. ಜೈವಿಕ ರಾಶಿ ಹೆಕ್ಟೇರಿಗೆ 100 ಟನ್ನಿಗಿಂತ ಕಡಿಮೆ ಇರುವ ಕಡೆ 20 ಟನ್ನಿನ ಒಳಗಿನ ತಪ್ಪಿನಲ್ಲಿ ಹೇಳುವುದು ಅದರ ಗುರಿ. ವಿಶಾಲ ಕಾಡುಗಳಿಗೆ ಇದು ದೊಡ್ಡ ಮಾತು. ಆದರೆ ಒಂದು ಹೆಕ್ಟೇರ್ ಕುಳ್ಳ ಪೈನ್ ವರ್ಷಕ್ಕೆ ಒಂದು ಟನ್ ಬೆಳೆಯಿತೆಂದು ಭಾವಿಸಿದರೂ ಆ ಬೆಳವಣಿಗೆ 20 ಟನ್ನಿನ ಹೆಡಗೆಯಿಂದ ಹೊರಗೆ ಕಾಣಲು ಇಪ್ಪತ್ತು ವರ್ಷ ಬೇಕು. ಜೊತೆಗೆ ರೇಡಾರು ಓರೆಯಾಗಿ ನೋಡುವುದರಿಂದ ಕಡಿದಾದ ಬೆಟ್ಟದ ಒಂದು ಮಗ್ಗುಲು ಮಡಚಿಕೊಂಡಂತೆ ಕಾಣುತ್ತದೆ, ಇನ್ನೊಂದು ನೆರಳಿನಲ್ಲಿ ಮರೆಯಾಗುತ್ತದೆ. ಇಷ್ಟಾಗಿಯೂ ಉಪಗ್ರಹ ಹೇಳಿದ್ದು ನಿಜವೇ ಎಂದು ಪರೀಕ್ಷಿಸಲು ಮಂಡಿಯೂರಿ ಅಳೆದ ಆ ಹತ್ತು ಮೀಟರಿನ ಚೌಕಗಳೇ ಬೇಕು.

ತೂಕ ಹೆಚ್ಚಿದಷ್ಟೂ ಒಳ್ಳೆಯದು ಎಂದೂ ಹೇಳುವಂತಿಲ್ಲ. ಕರ್ಕೊನೋಶೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ, ಬೋಳಾದ ಬೆಟ್ಟಗಳ ಮೇಲೆ ಈ ಪೊದೆಯನ್ನು ನೆಡುತ್ತ ಬಂದರು. ಅದು ದಟ್ಟವಾಗಿ ಬೆಳೆದು ಹಿಮಯುಗದಿಂದ ಉಳಿದು ಬಂದ ಅಪರೂಪದ ಹುಲ್ಲುಬಯಲನ್ನೂ, ಮಂಜು ಹೆಪ್ಪುಗಟ್ಟಿ ಕರಗುತ್ತ ನೆಲದ ಮೇಲೆ ಜೋಡಿಸಿದ ಕಲ್ಲಿನ ಬಳೆಗಳನ್ನೂ ಮುಚ್ಚತೊಡಗಿತು. ಅಲ್ಲೀಗ ನೆಟ್ಟ ಪೊದೆಯನ್ನು ಅಲ್ಲಲ್ಲಿ ತೆಗೆದುಹಾಕುವ ಕೆಲಸವೂ ನಡೆದಿದೆ. ಅಜ್ಜಂದಿರು ನೆಟ್ಟದ್ದನ್ನು ಮೊಮ್ಮಕ್ಕಳು ಕಿತ್ತರು. ಇಬ್ಬರೂ ಬೆಟ್ಟದ ಒಳ್ಳೆಯದಕ್ಕೇ ಮಾಡಿದರು.

ಇಲ್ಲಿಯವರೆಗೆ ಹೇಳಿದ್ದೆಲ್ಲ ನೆಲದ ಮೇಲಿನ ಮಾತು. ಬಂಡೆಯ ಬಿರುಕುಗಳಲ್ಲಿ ಇಳಿದ ಬೇರನ್ನು ಇಡಿಯಾಗಿ ತೆಗೆಯಲು ಬೆಟ್ಟವನ್ನೇ ಒಡೆಯಬೇಕಾದೀತು. ಹಾಗಾಗಿ ಮೇಲಿನ ತೂಕಕ್ಕೆ ಇಂತಿಷ್ಟು ಪಾಲು ಬೇರು ಎಂದು ಸೇರಿಸಿಕೊಳ್ಳುವುದು ರೂಢಿ. ಆ ಪಾಲನ್ನು ಕಂಡುಹಿಡಿದದ್ದೂ ಅಗೆಯಲು ಸಾಧ್ಯವಾದ ಕೆಲವೇ ಗುಂಡಿಗಳಿಂದ. ಬೇರಿನ ಸುತ್ತ, ಸುಣ್ಣಕಲ್ಲಿನ ಆಲ್ಪ್ಸ್‌ನಲ್ಲಂತೂ, ಚಳಿಗೆ ಪೂರ್ತಿ ಕೊಳೆಯದ ಎಲೆ-ಕಡ್ಡಿಗಳು ಶತಮಾನಗಳಿಂದ ಒಂದರ ಮೇಲೊಂದು ಕೂತು ಕಪ್ಪು ಮೆತ್ತೆಯಾಗಿರುತ್ತವೆ. ಕಾಲಿಟ್ಟರೆ ಕುಸಿಯುವಷ್ಟು ದಪ್ಪ. ಅದು ಜೀವಂತವಲ್ಲ, ಆದ್ದರಿಂದ ಜೈವಿಕ ರಾಶಿಯ ಕಾಲಮ್ಮಿಗೆ ಬರುವುದಿಲ್ಲ. ಮಣ್ಣಿನ ಇಂಗಾಲ ಎಂಬ ಬೇರೆ ಕಾಲಮ್ಮಿಗೆ ಹೋಗುತ್ತದೆ. ಮೇಲಿನ ಪೊದೆ ಹೋದರೆ ಈ ಮೆತ್ತೆಗೆ ಬಿಸಿಲು ತಾಗುತ್ತದೆ, ಕೊಳೆಯುವಿಕೆ ಚುರುಕಾಗುತ್ತದೆ, ಮಳೆ ಬಂದರೆ ಕೆಳಗಿನ ಸುಣ್ಣಕಲ್ಲು ಹಲ್ಲು ಕಿರಿಯುವವರೆಗೂ ತೊಳೆದುಹೋಗುತ್ತದೆ.